ಗಂಡಸರ ಉಡುಗೆತೊಡುಗೆ: ಒಂದು ವಿಚಾರ

ಗುಂಡ್ಲುಪೇಟೆಯ ಸೀಮೆಯ ಮದ್ದೂರಿನಿಂದ ಕಾಡನ್ನು ದಾಟಿ ವಯನಾಡಿಗೆ ಹೋಗುವವರ ಕಣ್ಣಿಗೆ ಒಂದು ಸಂಗತಿ ಬೀಳುವುದುಂಟು. ಅಲ್ಲಿಯ ಗಂಡಸರು ಉಡುವುದು ಮುಂಡು. ಹೆಂಗಸರ ಹಳೆಯ ಉಡುಗೆಯೂ ಮುಂಡೇ, ಅದರ ಮೇಲೊಂದು ಮೇಲುವಸ್ತ್ರ. ಹೊಲಿಗೆಯಿಲ್ಲದ ಬಟ್ಟೆಗೆ ಸ್ತ್ರೀಪುರುಷಭೇದವಿಲ್ಲ. ಉಡುವ ಕ್ರಮದಲ್ಲಿ ಮಾತ್ರ ಭೇದ. ಗಂಡಸರ ಉಡುಪಿನಲ್ಲಿ ಹೆಂಗಸರ ಸೊಬಗನ್ನು ಬೆರಸುವ ಪದ್ಧತಿಯು ಈಗ ವಸ್ತ್ರವಿನ್ಯಾಸಕಾರರಲ್ಲಿ ಬಳಕೆಗೆ ಬಂದಿದೆ. ಅದನ್ನನುಸರಿಸಿ ಕಿವಿಗೆ ಒಡವೆಯಿಟ್ಟ ತರುಣನನ್ನು ಹಿರಿಯರು ‘ಹೆಣ್ಣಿಗ’ನೆಂದು ಹಳಿಯುವರು, ಪೂರ್ವಾಚಾರ ಕೆಟ್ಟಿತೆನ್ನುವರು. ಆ ಪೂರ್ವಾಚಾರವಾದರೂ ಯಾವುದು?

ಸುಶ್ರುತಸಂಹಿತೆಯು ಕರ್ಣವೇಧವನ್ನು ಗಂಡು ಹೆಣ್ಣು ಮಕ್ಕಳಿಬ್ಬರಿಗೂ ವಿಧಿಸಿದೆ. ಗಂಡುಮಗುವಿಗೆ ಮೊದಲು ಬಲಗಿವಿ, ಹೆಣ್ಣುಮಗುವಿಗೆ ಎಡಗಿವಿ; ಇಷ್ಟೇ ವ್ಯತ್ಯಾಸ. ಅಮರಸಿಂಹನು ನಡುವಿನ ಆಭರಣವನ್ನು ಹೇಳುವಾಗ ಹೆಂಗಸರದನ್ನು ಮೇಖಲೆ, ಕಾಂಚಿ ಎಂದೂ ಗಂಡಸರದನ್ನು ಶೃಂಖಲವೆಂದೂ ಹೆಸರಿಸಿರುವನು. ಬಾದಾಮಿಯ ಮೊದಲನೆಯ ಗುಹೆಯ ಅರ್ಧನಾರೀಶ್ವರನಲ್ಲಿ ಬಲಭಾಗ ಶಿವ, ಎಡಭಾಗ ದೇವಿ; ಆಭರಣವು ಎರಡು ಭಾಗಕ್ಕೂ ಉಂಟು, ಬಗೆ ಮಾತ್ರ ಬೇರೆ. ಎಂದರೆ, ಪೂರ್ವಿಕರಲ್ಲಿ ಭೇದವಿರಲಿಲ್ಲವೆಂದಲ್ಲ. ಅದು ಒಡವೆಯ ರೂಪದಲ್ಲಿ, ಇಡುವ ಸ್ಥಾನದಲ್ಲಿ ಇದ್ದಿತು. ಒಡವೆಯೆಂಬುದೇ ಹೆಂಗಸರ ಸೊತ್ತೆಂಬ ಭಾವನೆ ಇರಲಿಲ್ಲ.

ಆಚಾರವೂ ಇದಕ್ಕೆ ಅನುಗುಣವಾಗಿಯೇ ಇದ್ದಿತು. ಹದಿಮೂರನೆಯ ಶತಮಾನದಲ್ಲಿ ಪ್ರತಿಷ್ಠಿತವಾದ ಸೋಮನಾಥಪುರದ ಕೇಶವಾಲಯದ ಪುರುಷಮೂರ್ತಿಗಳಿಗೆ ಕುಂಡಲ, ಹಾರ, ತೋಳ್ಬಂದಿಗಳಿಗೆ ಕೊರತೆಯಿಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸರ ಡೊಮಿಂಗೊ ಪಾಯೆಸನು, ಕೃಷ್ಣದೇವರಾಯನು ಚಿನ್ನದ ಗುಲಾಬಿ ಹೂಗಳ ಕಸೂತಿಯ ಬಿಳಿವಸ್ತ್ರವನ್ನುಟ್ಟು ಕೊರಳಲ್ಲಿ ವಜ್ರಾಭರಣವನ್ನು ಧರಿಸಿದ್ದನೆಂದು ಬರೆದಿರುವನು. ಆ ರಾಜನ ಪೌರುಷವನ್ನು ಯಾರು ಶಂಕಿಸಿಯಾರು? ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಚಿತ್ರಪಟಗಳಲ್ಲಿಯೂ ಕರ್ಣಾಭರಣವನ್ನೂ ಹಾರಗಳನ್ನೂ ಕಾಣಬಹುದು.

ಹಾಗಾದರೆ ಮಾರ್ಪಾಡು ಎಲ್ಲಿಂದ ಬಂದಿತು? ಯೂರೋಪಿನ ಗಂಡಸರೂ ಹಿಂದೆ ರೇಷ್ಮೆಯನ್ನೂ ಕಸೂತಿಯನ್ನೂ ಧರಿಸುತ್ತಿದ್ದವರೇ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅವರು ಅಲಂಕಾರವನ್ನು ಬಿಟ್ಟು ಕಪ್ಪು ಕೋಟನ್ನು ಹಿಡಿದರು. ಫ್ಲೂಗೆಲ್ ಎಂಬ ಮನಶ್ಶಾಸ್ತ್ರಜ್ಞನು 1930ರಲ್ಲಿ ಇದನ್ನು ಪುರುಷರ ಮಹಾತ್ಯಾಗವೆಂದು ಕರೆದನು. ಆ ರುಚಿಯು ಕಚೇರಿ, ಪಾಠಶಾಲೆ, ದಂಡುಗಳ ಮೂಲಕ ಈ ನಾಡಿಗೂ ಬಂದಿತು. ಮೈಸೂರು ಸೀಮೆಯ ಹಿರಿಯರು ಕೋಟನ್ನು ತೊಟ್ಟರೂ ಪಂಚೆ, ಪೇಟ, ಕಿವಿಯ ಹತ್ತಕಡಕುಗಳನ್ನು ಬಹುಕಾಲ ಬಿಡಲಿಲ್ಲ. ಅವರ ಮಕ್ಕಳು ಬಿಟ್ಟರು.

ತ್ಯಾಗಮಾಡಿದ ಯೂರೋಪೇ ಈಗ ಹಿಂದಿರುಗಿ ನೋಡುತ್ತಿದೆ. ಪ್ಯಾರಿಸ್ಸಿನ ಜ್ಯಾಂ ಪಾಲ್ ಗೋಲ್ತಿಯೆ 1985ರಲ್ಲಿಯೇ ಗಂಡಸರಿಗೆ ಲಂಗವನ್ನು ತೊಡಿಸಿದನು. 2015ರಲ್ಲಿ ಇಟಲಿಯ ಗುಚ್ಚಿ ಸಂಸ್ಥೆಯು ಕೊರಳಿಗೆ ಬಿಲ್ಲುಗಂಟಿನ ರೇಷ್ಮೆಯಂಗಿಯನ್ನು ಗಂಡಸರಿಗಾಗಿ ತಂದಿತು. ಅಲ್ಲಿಯವರು ತಾವೇ ಹಾಕಿಕೊಂಡ ಎಲ್ಲೆಯನ್ನು ಬೇಕೆಂದು ದಾಟುತ್ತಿರುವರು. ಕನ್ನಡನಾಡಿನಲ್ಲಿ ಆ ಎಲ್ಲೆಯು ಮೊದಲು ಅಲ್ಲಿರಲೇ ಇಲ್ಲ. ಎರಡೂ ಒಂದೇ ಎನ್ನಲಾಗದು.

ತರುಣರ ಅಭಿರುಚಿಯನ್ನು ಮೆಚ್ಚುವುದೂ ಬಿಡುವುದೂ ಅವರವರ ಇಷ್ಟ. ಆದರೆ ಪೂರ್ವಿಕರ ಹೆಸರಿನಲ್ಲಿ ಅವರನ್ನು ಹಳಿಯುವುದು ನ್ಯಾಯವಲ್ಲ. ಹಾಗೆ ಹಳಿಯುವವರು ಮನೆಯಲ್ಲಿರುವ ತಾತ ಮುತ್ತಾತಂದಿರ ಪಟವನ್ನು ಒಮ್ಮೆ ಕೆಳಗಿಳಿಸಿ, ಅವರ ಕಿವಿಯನ್ನು ನೋಡುವುದೊಳಿತು.