ಖಿನ್ನತೆ, ಉನ್ಮಾದ: ಸಂಶೋಧನೆಯ ಫಲ ತಾಲ್ಲೂಕು ತಲುಪುವ ಬಗೆ

ತುಮಕೂರು: ಮನುಷ್ಯನ ಭಾವಸ್ಥಿತಿಯೇ ಏರುಪೇರಾಗುವ ಕಾಯಿಲೆಗಳಲ್ಲಿ ಖಿನ್ನತೆ ಮತ್ತು ಬೈಪೋಲಾರ್ ಕಾಯಿಲೆ ಮುಖ್ಯವಾದವು. ಖಿನ್ನತೆಯಲ್ಲಿ ಬೇಸರ, ನಿರಾಸಕ್ತಿ, ನಿದ್ರಾಹೀನತೆ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಕಾಡುತ್ತವೆ. ಬೈಪೋಲಾರ್ ಕಾಯಿಲೆಯಲ್ಲಿ ಇದರೊಂದಿಗೆ ಅತಿಯಾದ ಹುರುಪು, ದುಂದುವೆಚ್ಚ, ಸಿಡುಕಿನಿಂದ ಕೂಡಿದ ಉನ್ಮಾದದ ಅವಧಿಗಳೂ ಬಂದುಹೋಗುತ್ತವೆ. ಇವುಗಳ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಶಕಗಳಿಂದ ಸಂಶೋಧನೆ ನಡೆದಿದೆ. ಅದರ ಫಲ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ರೋಗಿಗಳಿಗೆ ದಕ್ಕಬೇಕಾದರೆ ಔಷಧದಷ್ಟೇ ಸತತ ನಿಗಾ ಕೂಡ ಅಗತ್ಯ.

ರೋಗದ ಬೇರು

ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು 2016ರಲ್ಲಿ ಜಂಟಿ ಅಧ್ಯಯನವೊಂದನ್ನು ಆರಂಭಿಸಿದವು. ಒಂದಕ್ಕಿಂತ ಹೆಚ್ಚು ಮಂದಿಗೆ ಬೈಪೋಲಾರ್‌ನಂಥ ತೀವ್ರ ಕಾಯಿಲೆಯಿರುವ ಕುಟುಂಬಗಳನ್ನು ಇದಕ್ಕೆ ಆರಿಸಿಕೊಳ್ಳಲಾಯಿತು. ಅವರ ರಕ್ತಕಣಗಳಿಂದ ಆಕರ ಕೋಶಗಳನ್ನು, ಅವುಗಳಿಂದ ನರಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ವ್ಯತ್ಯಾಸ ಹುಡುಕುವುದು ಇದರ ವಿಧಾನ. ಆದರೂ ರಕ್ತ ಪರೀಕ್ಷೆಯಿಂದಲೇ ಈ ಕಾಯಿಲೆಗಳನ್ನು ಗುರುತಿಸುವ ಹಂತವನ್ನು ವಿಜ್ಞಾನ ಇನ್ನೂ ಮುಟ್ಟಿಲ್ಲ. ರೋಗಿಯ ಮತ್ತು ಮನೆಯವರ ಮಾತೇ ಇಂದಿಗೂ ಆಧಾರ. ಹಳ್ಳಿಗಳಲ್ಲಿ ಅನೇಕರು ‘ಬೇಸರ’ ಎನ್ನುವ ಬದಲು ತಲೆನೋವು, ಸುಸ್ತು, ಕೈಕಾಲು ಸೆಳೆತ ಎಂದೇ ಹೇಳಿಕೊಳ್ಳುತ್ತಾರೆ. ಆಂಧ್ರದ ಗಡಿಯ ಪಾವಗಡದಲ್ಲಿ ಇದೇ ಮಾತು ತೆಲುಗಿನಲ್ಲಿಯೂ ಬರುತ್ತದೆ.

ಚಿಕಿತ್ಸೆಯ ಹಾದಿ

ನಿಮ್ಹಾನ್ಸ್ ವೈದ್ಯರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೀವ್ರ ಖಿನ್ನತೆಯ 45 ರೋಗಿಗಳನ್ನು ತಲಾ 15ರ ಮೂರು ಗುಂಪು ಮಾಡಲಾಗಿತ್ತು. ನಾಲ್ಕು ವಾರಗಳಲ್ಲಿ ವಿದ್ಯುತ್ ಕಂಪನ ಚಿಕಿತ್ಸೆ ಪಡೆದವರಲ್ಲಿ ಶೇ 93, ಇಮಿಪ್ರಮಿನ್ ಮಾತ್ರೆ ಪಡೆದವರಲ್ಲಿ ಶೇ 73, ಸುದರ್ಶನ ಕ್ರಿಯೆ ಮಾಡಿದವರಲ್ಲಿ ಶೇ 67ರಷ್ಟು ಮಂದಿ ಚೇತರಿಸಿಕೊಂಡರು. ಗುಂಪುಗಳು ಚಿಕ್ಕವಾದ್ದರಿಂದ ಇದನ್ನು ಅಂತಿಮ ತೀರ್ಮಾನವೆನ್ನಲಾಗದು. ಕೆಟಮಿನ್ ಮೂಲದ ಮೂಗಿನ ಸ್ಪ್ರೇಗೆ ಅಮೆರಿಕ 2019ರಲ್ಲಿ ಅನುಮತಿ ನೀಡಿತು.

ಬೈಪೋಲಾರ್‌ಗೆ ಹಳೆಯ ಲಿಥಿಯಂ ಇಂದಿಗೂ ಪ್ರಮುಖ ಮದ್ದು. ಉನ್ಮಾದಕ್ಕೆ ಅದರ ಉಪಯೋಗವನ್ನು ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ವರದಿ ಮಾಡಿದರು. ಆದರೆ ಗುಣ ನೀಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ಬಿಸಿಲಲ್ಲಿ ದುಡಿದು ದೇಹದ ನೀರು ಬತ್ತಿದರೆ, ವಾಂತಿಭೇದಿಯಾದರೆ, ಕೆಲವು ನೋವಿನ ಮಾತ್ರೆ ನುಂಗಿದರೆ ರಕ್ತದಲ್ಲಿ ಅದರ ಮಟ್ಟ ಏರಬಹುದು. ಆದ್ದರಿಂದ ಮಳೆ ಕಡಿಮೆಯಿರುವ ಪಾವಗಡ, ಶಿರಾದಂಥ ಕಡೆ ನಿಯಮಿತ ರಕ್ತ ಪರೀಕ್ಷೆ, ಮೂತ್ರಪಿಂಡ ಮತ್ತು ಥೈರಾಯ್ಡ್ ತಪಾಸಣೆ ಇನ್ನಷ್ಟು ಮುಖ್ಯ.

ಸೇವೆ ಎಲ್ಲಿ?

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ನೀಡುವ ಪ್ರಯೋಗವನ್ನು ನಿಮ್ಹಾನ್ಸ್ 1985ರಿಂದ 1990ರವರೆಗೆ ಬಳ್ಳಾರಿಯಲ್ಲಿ ನಡೆಸಿತು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ನಿಮ್ಹಾನ್ಸ್ ಮಧುಗಿರಿಯಲ್ಲಿಯೂ ಹೊರಸೇವಾ ಶಿಬಿರಗಳನ್ನು ನಡೆಸಿದೆ. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಯೋಜನೆ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕರೆತರುವ ಉದ್ದೇಶದ್ದು.

ಆದರೂ ಕೊರತೆ ದೊಡ್ಡದು. 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೈಪೋಲಾರ್ ಕಾಯಿಲೆಯವರಲ್ಲಿ ಶೇ 70ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗಿದ್ದರು. ಖಿನ್ನತೆ ಸೇರಿದಂತೆ ಸಾಮಾನ್ಯ ಮಾನಸಿಕ ಕಾಯಿಲೆಗಳಲ್ಲಿ ಈ ಪ್ರಮಾಣ ಶೇ 85. ಸ್ವಲ್ಪ ಗುಣ ಕಂಡೊಡನೆ ಮಾತ್ರೆ ನಿಲ್ಲಿಸುವುದರಿಂದ ಕಾಯಿಲೆ ಮರುಕಳಿಸುವ ಸಂಭವವೂ ಹೆಚ್ಚು.

2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಇದು ಶುಲ್ಕರಹಿತ, ಹಗಲಿರುಳೂ ಲಭ್ಯ. ಸಾವಿನ ಯೋಚನೆ ಸುಳಿದರೆ ತಡಮಾಡದೆ ಕರೆ ಮಾಡಬೇಕು ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಬೇಕು.