ಎಂಜಿನ್ ಇಳಿಸುವ ಮುನ್ನ



ಹೊಸಕೋಟೆಯ ಕಡೆ ಮೋಟಾರು ಷೆಡ್ಡು ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೋದ ತಿಂಗಳು ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದ. ಅವನಲ್ಲಿಗೆ ಎಂ.ಜಿ.ಎ. ಎಂಬ, 1950ರ ದಶಕದ, ಇಬ್ಬರೇ ಕೂರುವ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದು ಬಂದಿದೆ. ಎಂಜಿನ್ ಇಳಿಸಬೇಕು. "ಮೇಷ್ಟ್ರೇ, ಬ್ಯಾಟರಿಯ ಮೈನಸ್ ತಾನೆ ಬಾಡಿಗೆ ಹೋಗಬೇಕು? ಇದರಲ್ಲಿ ಪ್ಲಸ್ ಹೋಗಿದೆ. ಯಾರೋ ತಲೆಕೆಳಗು ಕಟ್ಟಿರಬೇಕು, ಸರಿಮಾಡಿಬಿಡಲೆ?" ಎಂದ. ಯಾರೂ ತಲೆಕೆಳಗು ಕಟ್ಟಿಲ್ಲ, ಏನನ್ನೂ ಮುಟ್ಟಬೇಡ ಎಂದು ಹೇಳಿದೆ. ಯಂತ್ರದ ವಿಷಯದಲ್ಲಿ ನನ್ನದು ಪುಸ್ತಕದ ಜ್ಞಾನ, ಪಾನಾ ಹಿಡಿಯುವವನು ಅವನು. ಆದರೆ ಅವನ ಪ್ರಶ್ನೆಗೆ ಉತ್ತರವಿರುವುದು ವಿದ್ಯುತ್ತಿನ ಪಾಠದಲ್ಲಿ ಮಾತ್ರವಲ್ಲ, ಚರಿತ್ರೆಯಲ್ಲಿಯೂ ಇದೆ. ಅದನ್ನು ನಾಲ್ಕು ಜನಕ್ಕೆ ತಿಳಿಯುವಂತೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ರಸ್ತೆಗಳಿಗೆ ಬ್ರಿಟಿಷ್ ಮಾದರಿಯ ಮೋಟಾರುಗಳೇ ಹೆಚ್ಚಾಗಿ ಬಂದದ್ದು ಏಕೆ? ನಮ್ಮ ಪಕ್ಕದ ಮುದ್ದೇನಹಳ್ಳಿಯವರಾದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕಗಳಲ್ಲಿ ಸಂಚರಿಸಿ, ಭಾರತದಲ್ಲಿಯೇ ಮೋಟಾರು ಕಾರ್ಖಾನೆಯೊಂದನ್ನು ಕಟ್ಟುವ ಯೋಜನೆ ಸಿದ್ಧಪಡಿಸಿದರು. ವಾಲ್‌ಚಂದ್ ಹೀರಾಚಂದರು ಕೈಜೋಡಿಸಿದರು, ಮೈಸೂರು ಸಂಸ್ಥಾನವೂ ಒಲವು ತೋರಿತು. ಬ್ರಿಟಿಷ್ ಸರ್ಕಾರದ ಸಮ್ಮತಿ ದೊರೆಯದೆ ಅದು ಬೆಂಗಳೂರಿನಲ್ಲಿ ಕೈಗೂಡಲಿಲ್ಲ. 1940ರ ಡಿಸೆಂಬರಿನಲ್ಲಿ ಅದೇ ವಾಲ್‌ಚಂದರ ಪ್ರಯತ್ನದಿಂದ ಬೆಂಗಳೂರಿಗೆ ಬಂದದ್ದು ವಿಮಾನದ ಕಾರ್ಖಾನೆ. ಕಾರು ಬೇರೆ ಊರುಗಳ ಪಾಲಾಯಿತು. ಬಂಗಾಳದ ಉತ್ತರಪಾಡಾದಲ್ಲಿ ಇಂಗ್ಲೆಂಡಿನ ಮಾರಿಸ್ ಕಾರು 1957ರಲ್ಲಿ ಅಂಬಾಸಿಡರ್ ಆಯಿತು. ಮದರಾಸಿನಲ್ಲಿ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರು ಪಡೆಯಿತು. ಮಾದರಿಯ ಜೊತೆಗೆ ಅದರ ತಂತಿಗಳ ಪದ್ಧತಿಯೂ ಬಂದಿತು.

ಇಲ್ಲೊಂದು ಸ್ವಾರಸ್ಯವಿದೆ. 1959ರಿಂದ ಅಂಬಾಸಿಡರಿಗೆ ಹಾಕಿದ 1489 ಸಿ.ಸಿ. ಎಂಜಿನ್ನೂ 1955ರಲ್ಲಿ ಹೊರಬಂದ ಎಂ.ಜಿ.ಎ. ಕಾರಿನ 1489 ಸಿ.ಸಿ. ಎಂಜಿನ್ನೂ ಒಂದೇ ಮನೆತನದವು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಸೀರೀಸ್ ಎಂಬ ಎಂಜಿನ್ ಅದು. ಸ್ಪೋರ್ಟ್ಸ್ ಕಾರಿಗೆ ಎರಡು ಕಾರ್ಬುರೇಟರು, ನಮ್ಮ ಬಾಡಿಗೆ ಕಾರಿಗೆ ಒಂದು. ಅಲ್ಲಿ ಶೋಕಿ, ಇಲ್ಲಿ ಮದುವೆಯ ದಿಬ್ಬಣ. ನಾನು ಹುಡುಗನಾಗಿದ್ದಾಗ ನೆಲಮಂಗಲದಲ್ಲಿ, ಮಂಗಳೂರಿನ ರಸ್ತೆ ಕವಲೊಡೆಯುವ ಜಾಗದ ಆಚೀಚೆ, ಹುಣಸೆಮರದ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ ಅಂಬಾಸಿಡರಿನ ಎಂಜಿನ್ ಎತ್ತುತ್ತಿದ್ದುದನ್ನು ನೋಡಿದ್ದೇನೆ. ಆ ಮೇಸ್ತ್ರಿಗಳಿಗೆ ಎಂ.ಜಿ. ಎಂಬ ಹೆಸರೇ ತಿಳಿದಿರಲಿಲ್ಲ. ಆದರೂ ಲಂಡನ್ನಿನ ಶ್ರೀಮಂತನೊಬ್ಬ ತನ್ನ ಕಾರನ್ನು ಅವರ ಮುಂದೆ ತಂದು ನಿಲ್ಲಿಸಿದ್ದರೆ ಎಂಜಿನ್ನನ್ನು ಅವರು ಗುರುತು ಹಿಡಿಯುತ್ತಿದ್ದರು. 2014ರ ಮೇ ತಿಂಗಳಲ್ಲಿ ಅಂಬಾಸಿಡರ್ ನಿಂತುಹೋಯಿತು. ಆ ಕೈಗಳಿಗೂ ಈಗ ವಯಸ್ಸಾಗಿದೆ. ಕಂಪ್ಯೂಟರ್ ಜೋಡಿಸಿ ರೋಗ ಕಂಡುಹಿಡಿಯುವ ಹುಡುಗರಿಗೆ ಹಳೆಯ ಕಾರು ಪರದೇಶವೇ ಸರಿ.

ಎಂಜಿನ್ ಇಳಿಸುವುದೆಂದರೆ ಮೂಲದ ಎಂಜಿನ್ನನ್ನೇ ರಿಪೇರಿ ಮಾಡಿ ಮತ್ತೆ ಕೂರಿಸುವುದು ಎಂಬುದಕ್ಕೆ ಈಗ ಕಾನೂನಿನ ಕಾರಣವೂ ಸೇರಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿದಿರುವ ವಾಹನಕ್ಕೆ ‘ವಿ.ಎ.’ ಅಕ್ಷರಗಳ ವಿಂಟೇಜ್ ನೋಂದಣಿ ದೊರೆಯುತ್ತದೆ. ಶುಲ್ಕ 20,000 ರೂಪಾಯಿ. ಚಾಸಿ, ಬಾಡಿ, ಎಂಜಿನ್ ಇವುಗಳನ್ನು ಗಣನೀಯವಾಗಿ ಮಾರ್ಪಡಿಸಿರಬಾರದು. ಆಮದು ನಿರ್ಬಂಧದ ಕಾಲದಲ್ಲಿ ಬಿಡಿಭಾಗ ಸಿಗದೆ ಎಷ್ಟೋ ಪರದೇಶದ ಕಾರುಗಳಿಗೆ ಇಲ್ಲಿ ಕೈಗೆ ಸಿಕ್ಕ ಎಂಜಿನ್ ತುರುಕಿದರು. ಅಂತಹದರಲ್ಲಿ ಮೂಲ ಎಂಜಿನ್ ಸಹಿತ ಉಳಿದಿರುವ ಒಂದು ಕಾರಿನ ತಂತಿಗಳನ್ನು ಅವಸರದಲ್ಲಿ ಕತ್ತರಿಸಿದರೆ ಅರುವತ್ತು ವರ್ಷಗಳ ದಾಖಲೆಯನ್ನೇ ಕತ್ತರಿಸಿದಂತೆ.

ಈಗ ಅವನ ಪ್ಲಸ್, ಮೈನಸ್ ವಿಚಾರ. ಮೋಟಾರಿನಲ್ಲಿ ದೀಪಕ್ಕೆ ಹೋಗುವ ತಂತಿ ಒಂದೇ. ವಿದ್ಯುತ್ತು ಹಿಂದಿರುಗುವುದು ಬಾಡಿಯ ಕಬ್ಬಿಣದ ಮೂಲಕ. ಬ್ಯಾಟರಿಯ ಯಾವ ತುದಿಯನ್ನು ಆ ಕಬ್ಬಿಣಕ್ಕೆ ಕಟ್ಟಬೇಕೆಂಬುದು ಮನುಷ್ಯ ಮಾಡಿಕೊಂಡ ಒಪ್ಪಂದವೇ ಹೊರತು ಪ್ರಕೃತಿಯ ನಿಯಮವಲ್ಲ. 1930ರ ದಶಕದ ನಡುವಿನಿಂದ ಸುಮಾರು ಮೂವತ್ತು ವರ್ಷ ಬ್ರಿಟಿಷರು ಬಹುಮಟ್ಟಿಗೆ ಪ್ಲಸ್ಸನ್ನು ಬಾಡಿಗೆ ಕಟ್ಟಿದರು. ತುಕ್ಕು ಕಡಮೆಯಾಗುತ್ತದೆ, ಸ್ಪಾರ್ಕ್ ಪ್ಲಗ್ಗು ಹೆಚ್ಚು ಬಾಳುತ್ತದೆ ಎಂಬವು ಅವರು ಕೊಡುತ್ತಿದ್ದ ಕಾರಣಗಳು. ಪ್ಲಗ್ಗಿನ ನಡುವಿನ ಕಡ್ಡಿ ಕಾದಿರುತ್ತದೆ, ಕಾದ ಲೋಹದಿಂದ ಇಲೆಕ್ಟ್ರಾನುಗಳು ಸುಲಭವಾಗಿ ಹೊರಡುತ್ತವೆ, ಆದ್ದರಿಂದ ಆ ಕಡ್ಡಿ ಮೈನಸ್ ಆಗಿದ್ದರೆ ಕಿಡಿಗೆ ಅನುಕೂಲ ಎಂಬುದನ್ನು ಹತ್ತನೆಯ ತರಗತಿಯ ಮಕ್ಕಳಿಗೂ ವಿವರಿಸಬಹುದು. 1960ರ ದಶಕದಲ್ಲಿ ಟ್ರಾನ್ಸಿಸ್ಟರ್ ರೇಡಿಯೊ ಬಂದಿತು, ಡೈನಮೋದ ಜಾಗಕ್ಕೆ ಡಯೋಡುಗಳುಳ್ಳ ಆಲ್ಟರ್ನೇಟರ್ ಬಂದಿತು. ಇವೆಲ್ಲ ಪ್ಲಸ್, ಮೈನಸ್ ಅದಲುಬದಲಾದರೆ ಕ್ಷಣದಲ್ಲಿ ಸುಟ್ಟುಹೋಗುವಂಥವು. ಜಗತ್ತೆಲ್ಲ ಒಂದೇ ಕ್ರಮಕ್ಕೆ ಬರಬೇಕಾಯಿತು. ಎಂ.ಜಿ. ಕಂಪನಿಯವರು 1967ರಲ್ಲಿ ಮೈನಸ್ಸಿಗೆ ತಿರುಗಿದರು.

ಹೀಗಾಗಿ ‘ಮೈನಸ್ ಮೊದಲು ಬಿಚ್ಚು’ ಎಂಬ ಷೆಡ್ಡಿನ ಮಂತ್ರ ಅರ್ಧ ಮಾತ್ರ ಸರಿ. ಬಾಡಿಗೆ ಹೋದ ತುದಿ ಯಾವುದೋ ಅದನ್ನು ಮೊದಲು ಬಿಚ್ಚಬೇಕು. ಅದು ಬಿಚ್ಚಿದ ಮೇಲೆ ಇನ್ನೊಂದು ತುದಿಯ ಮೇಲಿರುವ ಪಾನಾ ಬಾಡಿಗೆ ತಾಗಿದರೂ ಚಿಂತೆಯಿಲ್ಲ, ಸುತ್ತು ಪೂರ್ಣವಾಗುವುದಿಲ್ಲ. ತಿರುಗುಮುರುಗಾಗಿ ಮಾಡಿದರೆ ಪಾನಾವೇ ತಂತಿಯಾಗುತ್ತದೆ. ಎಂ.ಜಿ.ಎ. ಕಾರಿನಲ್ಲಿ ಬ್ಯಾಟರಿ ಬಾನೆಟ್ಟಿನ ಕೆಳಗಿಲ್ಲ. 6 ವೋಲ್ಟಿನ ಎರಡು ಬ್ಯಾಟರಿಗಳು ಆಸನದ ಹಿಂದೆ, ಪೆಟ್ರೋಲ್ ಟ್ಯಾಂಕಿಗೆ ಸಮೀಪದಲ್ಲಿ ಇವೆ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ಶೇಕಡಾ 4ರಷ್ಟಿದ್ದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅವನ ಷೆಡ್ಡಿಗೆ ತಾಗಿಕೊಂಡೇ ಎರಡು ವಾಸದ ಮನೆಗಳಿವೆ. ರೇಡಿಯೊ ಹಾಕಿಸಲೆಂದು ಹಳೆಯ ಕಾರುಗಳನ್ನು ನಡುವೆ ಯಾರಾದರೂ ಮೈನಸ್ಸಿಗೆ ಬದಲಿಸಿರುವುದೂ ಉಂಟು. ಆದ್ದರಿಂದ ಪುಸ್ತಕವನ್ನೂ ನಂಬದೆ, ಕಣ್ಣಿನಿಂದ ತಂತಿಯ ಜಾಡು ಹಿಡಿದು ನೋಡಬೇಕು.

ಇನ್ನು ಬಣ್ಣಗಳು. ಬ್ರಿಟಿಷ್ ಕಾರುಗಳ ವಿದ್ಯುತ್ ಸಾಮಾನು ಬಹುಪಾಲು ಬರ್ಮಿಂಗ್‌ಹ್ಯಾಮಿನ ಲೂಕಾಸ್ ಕಂಪನಿಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಜೋಸೆಫ್ ಲೂಕಾಸ್ ಸೀಮೆಎಣ್ಣೆ ಮಾರುತ್ತ ಆರಂಭಿಸಿದ ವ್ಯಾಪಾರ ಅದು. 1961ರಲ್ಲಿ ಮದರಾಸಿನ ಪಾಡಿಯಲ್ಲಿ ಟಿ.ವಿ.ಎಸ್. ಜೊತೆಗೂಡಿ ನಮ್ಮ ದೇಶಕ್ಕೂ ಬಂದಿತು. (ನಡುರಾತ್ರಿ ದೀಪ ಕೈಕೊಟ್ಟಾಗ ಇಂಗ್ಲಿಷರೇ ಲೂಕಾಸರನ್ನು ‘ಕತ್ತಲೆಯ ರಾಜಕುಮಾರ’ ಎಂದು ಹಾಸ್ಯ ಮಾಡುತ್ತಿದ್ದರು.) ಅವರ ಪದ್ಧತಿಯಲ್ಲಿ ಕಂದು ತಂತಿ ಬ್ಯಾಟರಿಯಿಂದ ನೇರ ಬಂದದ್ದು, ಯಾವಾಗಲೂ ಜೀವಂತ. ಬಿಳಿಯದು ಕೀಲಿ ತಿರುಗಿಸಿದ ಮೇಲೆ ಜೀವ ತಳೆಯುವುದು. ಹಸಿರು ಅದೇ ವಿದ್ಯುತ್ತು, ಫ್ಯೂಸಿನ ಆಚೆಗೆ. ನೀಲಿ ಮುಂದಿನ ದೊಡ್ಡ ದೀಪಕ್ಕೆ, ಕೆಂಪು ಹಿಂದಿನ ಮತ್ತು ಪಕ್ಕದ ದೀಪಗಳಿಗೆ, ಹಳದಿ ಡೈನಮೋಗೆ. ಕಪ್ಪು ಮಾತ್ರ ಅರ್ತಿಂಗ್. ನಮ್ಮ ಮನೆಗಳಿಗೆ ವೈರಿಂಗ್ ಮಾಡುವ ಹುಡುಗನಿಗೆ ಹಸಿರೆಂದರೆ ಅರ್ತಿಂಗ್. ಜರ್ಮನ್ ಕಾರು ಕಲಿತವನಿಗೆ ಕಂದು ಅರ್ತಿಂಗ್, ಕಪ್ಪು ಕೀಲಿಯಿಂದ ಬಂದ ಜೀವಂತ ತಂತಿ. ಮೂವರೂ ತಮ್ಮ ತಮ್ಮ ಶಾಲೆಯಲ್ಲಿ ಸರಿಯಾಗಿಯೇ ಕಲಿತವರು. ನೆಲಮಂಗಲದಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಒಂದು ಕಾಲಕ್ಕೆ 48 ಆಗಿತ್ತು. ಈಗ 48 ಎಂದರೆ ತುಮಕೂರು, ಪುಣೆಯ ರಸ್ತೆ, ಮಂಗಳೂರಿನದು 75. ಹಳೆಯ ನಕ್ಷೆ ಹಿಡಿದು ಹೊರಟವನ ಪಾಡು ಇಲ್ಲಿಯೂ.

ಈ ತಂತಿಗಳ ಕಟ್ಟಿಗೆ ಬ್ರಿಟಿಷರ ಹೆಸರು ‘ಲೂಮ್’, ಅಂದರೆ ಮಗ್ಗ. ಹಳೆಯವುಗಳ ಮೇಲೆ ನಿಜವಾಗಿಯೂ ಹತ್ತಿಯ ನೂಲಿನ ಹೆಣಿಗೆ ಇರುತ್ತಿತ್ತು. ಅರುವತ್ತು ವರ್ಷಗಳ ಎಣ್ಣೆ, ಧೂಳುಗಳಲ್ಲಿ ಆ ನೂಲಿನ ಬಣ್ಣ ಅಳಿದು ಎಲ್ಲವೂ ಒಂದೇ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತವೆ. ಆಗ ಮಾಡಬೇಕಾದುದು ದೊಡ್ಡಬಳ್ಳಾಪುರದ ನೇಕಾರರಿಗೆ ಗೊತ್ತು. ಹಾಸು ಮುಗಿದಾಗ ಅವರು ಹಳೆಯ ಎಳೆಗಳನ್ನು ಮಗ್ಗದಿಂದ ಕಿತ್ತೆಸೆಯುವುದಿಲ್ಲ. ಒಂದೊಂದು ಹಳೆಯ ಎಳೆಯ ತುದಿಗೂ ಹೊಸ ಎಳೆಯ ತುದಿಯನ್ನು ಕ್ರಮ ತಪ್ಪದಂತೆ ಗಂಟು ಹಾಕುತ್ತಾರೆ. ಕ್ರಮವೇ ಅಲ್ಲಿ ಆಸ್ತಿ. ಹಾಗೆಯೇ ತಂತಿಯೊಂದನ್ನು ಬಿಚ್ಚುವ ಮೊದಲೇ ಅದಕ್ಕೂ ಅದು ಕೂತಿದ್ದ ತಿರುಪಿಗೂ ಒಂದೇ ಸಂಖ್ಯೆಯ ಚೀಟಿ ಕಟ್ಟಬೇಕು. ಡೈನಮೋದ ‘ಡಿ’, ‘ಎಫ್’ ಎರಡು ಹಳದಿ ತಂತಿಗಳು ಅವಳಿಮಕ್ಕಳಂತೆ. ಎಫ್ ತಂತಿಯ ಹಸಿರು ಗೆರೆ ಅಳಿಸಿಹೋಗಿದ್ದರೆ ಚೀಟಿಯೇ ಗತಿ. ಮೊಬೈಲಿನಲ್ಲಿ ಚಿತ್ರ ತೆಗೆದರೆ ಸಾಲದೆ ಎಂದು ಅವನು ಕೇಳಿದ. ಚಿತ್ರದಲ್ಲಿ ಮುಂದಿನ ತಂತಿ ಕಾಣುತ್ತದೆ, ಅದರ ಹಿಂದಿನದು ಕಾಣುವುದಿಲ್ಲ.

ನೀರಿನ ಕೊಳವೆಗಳ ವಿಷಯ ಸುಲಭ: ಎಂಜಿನ್ ತಣ್ಣಗಾದ ಮೇಲೆ ರೇಡಿಯೇಟರಿನ ನಲ್ಲಿ ಬಿಚ್ಚಿ ನೀರು ಬಸಿದುಕೊಂಡರಾಯಿತು. ಪೆಟ್ರೋಲಿನ ಕೊಳವೆಯನ್ನು ಬಿಚ್ಚಿದ ಕೂಡಲೆ ಬಾಯಿಗೆ ಬಿರಟೆ ಹಾಕಬೇಕು. ಅಂಬಾಸಿಡರಿನಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿದ್ದು ಅದರಿಂದಲೇ ನಡೆಯುತ್ತದೆ, ಎಂ.ಜಿ.ಎ.ಯಲ್ಲಿ ಅದು ಹಿಂದುಗಡೆಯಿರುವ ವಿದ್ಯುತ್ ಪಂಪು, ಬ್ಯಾಟರಿ ಬಿಚ್ಚದೆ ಯಾರಾದರೂ ಕೀಲಿ ತಿರುಗಿಸಿದರೆ ತೆರೆದ ಕೊಳವೆಯಿಂದ ಪೆಟ್ರೋಲು ಚಿಮ್ಮುತ್ತದೆ. ಕ್ಲಚ್ಚಿನ ಎಣ್ಣೆಯ ಕೊಳವೆಯನ್ನು ಬಿಚ್ಚಲೇಬೇಕೆಂದಿಲ್ಲ, ಸಿಲಿಂಡರನ್ನೇ ಕಳಚಿ ಪಕ್ಕಕ್ಕೆ ಕಟ್ಟಿದರೆ ಗಾಳಿ ಸೇರುವ ರಗಳೆ ಇರುವುದಿಲ್ಲ.

ನನಗೆ ತುಂಬ ಪ್ರಿಯವಾದುದು ಶಾಖ ತೋರಿಸುವ ಮಾಪಕ. ಅದಕ್ಕೆ ತಂತಿಯೇ ಇಲ್ಲ. ಎಂಜಿನ್ನಿನ ತಲೆಯೊಳಗೆ ಹಿತ್ತಾಳೆಯ ಪುಟ್ಟ ಬುರುಡೆ, ಅದರೊಳಗೆ ಈಥರ್, ಅಲ್ಲಿಂದ ಡ್ಯಾಷ್‌ಬೋರ್ಡಿನವರೆಗೆ ಕೂದಲೆಳೆಯಷ್ಟು ತೂತಿನ ಕೊಳವೆ. ನೀರು ಕಾದಂತೆ ಈಥರಿನ ಆವಿಯ ಒತ್ತಡ ಏರಿ ಮುಳ್ಳನ್ನು ತಳ್ಳುತ್ತದೆ. ಬುರುಡೆ, ಕೊಳವೆ, ಮಾಪಕ ಮೂರೂ ಒಂದೇ ವಸ್ತು, ನಡುವೆ ಬಿಚ್ಚುವ ಜಾಗವಿಲ್ಲ. ಇದನ್ನು ತಂತಿಯೆಂದು ತಿಳಿದು ಕತ್ತರಿಸಿದರೆ ಈಥರ್ ಆರಿಹೋಗುತ್ತದೆ, ಮುಳ್ಳು ಮತ್ತೆ ಏಳುವುದಿಲ್ಲ. ಬುರುಡೆಯ ನಟ್ಟು ಸಡಿಲಿಸಿ, ಮೆಲ್ಲನೆ ಎಳೆದು, ಕೊಳವೆಯನ್ನು ಅಗಲವಾಗಿ ಸುರುಳಿ ಸುತ್ತಿ ಡ್ಯಾಷ್‌ಬೋರ್ಡಿನ ಬಳಿ ತೂಗುಬಿಡಬೇಕು. ಅದರ ಪಕ್ಕದಲ್ಲಿಯೇ ಎಣ್ಣೆಯ ಒತ್ತಡ ತೋರಿಸುವ ಇನ್ನೊಂದು ಸಣ್ಣ ಕೊಳವೆ ಉಂಟು. ಅದರಲ್ಲಿ ನಿಜವಾದ ಎಣ್ಣೆಯೇ ಇರುತ್ತದೆ, ಅದನ್ನು ಎಂಜಿನ್ನಿನ ತುದಿಯಲ್ಲಿ ಬಿಚ್ಚಬಹುದು. ನೋಟಕ್ಕೆ ಎರಡೂ ಅಣ್ಣತಮ್ಮಂದಿರು.

ಎಲ್ಲರೂ ಮರೆಯುವುದು ಒಂದನ್ನು. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ, ರಬ್ಬರಿನಲ್ಲಿ ವಿದ್ಯುತ್ತು ಹರಿಯದು. ಆದ್ದರಿಂದ ಎಂಜಿನ್ನಿನಿಂದ ಚಾಸಿಗೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಕಟ್ಟಿರುತ್ತಾರೆ. ಎತ್ತುವಾಗ ಇದನ್ನು ಬಿಚ್ಚದಿದ್ದರೆ ಪಟ್ಟಿ ಹರಿಯುತ್ತದೆ, ಅಷ್ಟೆ. ಕೂರಿಸುವಾಗ ಮರೆತರೆ ಕಥೆ ಬೇರೆ. ಸ್ಟಾರ್ಟರಿಗೆ ಬೇಕಾದ ನೂರಕ್ಕೂ ಹೆಚ್ಚು ಆಂಪಿಯರ್ ವಿದ್ಯುತ್ತು ಹಿಂದಿರುಗಲು ದಾರಿ ಹುಡುಕುತ್ತದೆ. ಎಂಜಿನ್ನನ್ನೂ ಬಾಡಿಯನ್ನೂ ಜೋಡಿಸುವ ಲೋಹವೆಂದರೆ ಚೋಕಿನ ಮತ್ತು ಆಕ್ಸಿಲರೇಟರಿನ ಕೇಬಲ್ಲುಗಳಂತಹವು ಮಾತ್ರ. ಕಾರು ಒಂದೆರಡು ಸಲ ನರಳಿ ಸುಮ್ಮನಾಗುತ್ತದೆ, ಕಾರ್ಬುರೇಟರಿನ ಪಕ್ಕದಲ್ಲಿ ಚೋಕಿನ ಕೇಬಲ್ ಕೆಂಪಗೆ ಕಾಯುತ್ತದೆ. ಬ್ಯಾಟರಿ ಸತ್ತಿದೆಯೆಂದು ಹೊಸದನ್ನು ತಂದು ಹಾಕಿ ಮತ್ತೆ ಸ್ಟಾರ್ಟ್ ಮಾಡುವವರೂ ಇದ್ದಾರೆ. ಕೂರಿಸುವ ದಿನ ತಾಮ್ರದ ಪಟ್ಟಿ ಎಲ್ಲಕ್ಕೂ ಮೊದಲು, ಬ್ಯಾಟರಿಯ ಬಾಡಿ ಕಡೆಯ ತುದಿ ಎಲ್ಲಕ್ಕೂ ಕೊನೆಗೆ.