‘ಸರ್ ಆರ್ ಕಮಿಂಗ್’ - ಒಂದು ತಪ್ಪಿನ ಹಿಂದಿನ ಚರಿತ್ರೆ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಕನ್ನಡ ಮಾಧ್ಯಮದ ಮಕ್ಕಳ ಇಂಗ್ಲಿಷ್ ನೋಟ್‌ಬುಕ್ ತಿದ್ದಿದವರಿಗೆ ಈ ವಾಕ್ಯ ಹೊಸದಲ್ಲ: ‘ಅವರ್ ಸರ್ ಆರ್ ಕಮಿಂಗ್’. ಕೆಂಪು ಶಾಯಿಯಲ್ಲಿ ಆರ್ ಹೊಡೆದು ಈಸ್ ಬರೆದರೆ ತಿದ್ದುವ ಕೆಲಸ ಮುಗಿಯಿತು. ಆದರೆ ಈ ಹುಡುಗನಿಗೆ ಏಕವಚನ, ಬಹುವಚನ ಗೊತ್ತಿಲ್ಲ ಎಂದು ತೀರ್ಮಾನಿಸುವವರ ಜೊತೆ ನನ್ನ ತಕರಾರಿದೆ. ಅವನಿಗೆ ಗೊತ್ತಿದೆ ಸ್ನೇಹಿತರೇ, ಚೆನ್ನಾಗಿಯೇ ಗೊತ್ತಿದೆ!

ಮನೆಯಲ್ಲಿ ಅವನು ‘ಸರ್ ಬಂದಾರ’ ಅನ್ನುತ್ತಾನೆ. ‘ಸರ್ ಬಂದಾನ’ ಅಂದರೆ ಏಟು ಬೀಳುತ್ತದೆ. ಬೀದಿಗೆ ಬಂದರೆ ತೆಲುಗಿನಲ್ಲಿ ‘ಸಾರ್ ವಚ್ಚಾರು’, ಅದೂ ಬಹುವಚನವೇ. ನಿಜಾಮರ ಕಾಲದಿಂದ ಉಳಿದ ಉರ್ದುವಿನಲ್ಲೂ ಒಬ್ಬ ಹಿರಿಯರಿಗೆ ‘ಆಪ್ ಹೈಂ’. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಮೊದಲೇ ಮಹಬೂಬನಗರ ಜಿಲ್ಲೆಯಲ್ಲಿದ್ದ ಮಕ್ತಲ್, ನಾರಾಯಣಪೇಟೆ ಕೂಡ ಅತ್ತಲೇ ಉಳಿದವು. ಗಡಿಗೆರೆ ಬದಲಾಯಿತು, ಗೌರವದ ಬಹುವಚನ ಮಾತ್ರ ಮೂರು ಭಾಷೆಯಲ್ಲೂ ಹಾಗೇ ಇದೆ. ಈ ಮಣ್ಣಿನ ಮಗು ನಾಲ್ಕನೆಯ ಭಾಷೆಗೂ ಅದೇ ಮರ್ಯಾದೆ ಕೊಡುತ್ತದೆ, ಅಷ್ಟೇ.

ಇನ್ನು ಇಂಗ್ಲಿಷಿನ ಮನೆಯೊಳಗೆ ಹೋಗೋಣ. ಅಲ್ಲೂ ಒಂದು ಕಾಲಕ್ಕೆ ‘ನೀನು’ ಇತ್ತು, ಅದು ‘ದೌ’. ‘ಯೂ’ ಎಂಬುದು ಬಹುವಚನ, ನಮ್ಮ ‘ನೀವು’ ಇದ್ದ ಹಾಗೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅರಮನೆಯ ಭಾಷೆ ಫ್ರೆಂಚ್ ಆಯಿತು. ಫ್ರೆಂಚಿನಲ್ಲಿ ದೊಡ್ಡವರೊಬ್ಬರಿಗೂ ಬಹುವಚನದ ‘ವೂ’ ಬಳಸುತ್ತಾರೆ. 13ನೇ ಶತಮಾನದ ಹೊತ್ತಿಗೆ ಆ ರೂಢಿ ಇಂಗ್ಲಿಷಿಗೂ ಬಂತು. ಧಣಿಗೆ ಯೂ, ಆಳಿಗೆ ದೌ. ಆಮೇಲೆ ಎಲ್ಲರಿಗೂ ಮರ್ಯಾದೆ ಬೇಕಾಗಿ ಯೂ ಎಲ್ಲರದ್ದಾಯಿತು, ದೌ ಪ್ರಾರ್ಥನೆಗೆ, ಕಾವ್ಯಕ್ಕೆ, ಕೆಲವು ಹಳ್ಳಿಗಳ ಮಾತಿಗೆ ಸರಿಯಿತು. (ದೇವರನ್ನು ನಾವೂ ‘ನೀನು’ ಅಂತಲೇ ಕರೆಯುತ್ತೇವಲ್ಲ!)

ಇದನ್ನು ಒಪ್ಪದವರೂ ಇದ್ದರು. ಕ್ವೇಕರ್ ಪಂಥ ಕಟ್ಟಿದ ಜಾರ್ಜ್ ಫಾಕ್ಸ್, ಒಬ್ಬನಿಗೆ ಬಹುವಚನ ಹಚ್ಚುವುದು ಸುಳ್ಳು, ಅದು ಅಹಂಕಾರಕ್ಕೆ ಎಣ್ಣೆ ಹೊಯ್ಯುವುದು ಎಂದು ಹಟ ಹಿಡಿದ. ನ್ಯಾಯಾಧೀಶನಿಗೂ ಅವನ ಕಡೆಯವರು ದೌ ಅಂದರು, ಅದಕ್ಕಾಗಿ ಬೈಗುಳ, ಹೊಡೆತ ತಿಂದರು. 1660ರಲ್ಲಿ ಫಾಕ್ಸ್ ಇನ್ನಿಬ್ಬರೊಡನೆ ಸೇರಿ, ಏಕವಚನ ಬಹುವಚನ ಕಲಿಸಲೆಂದೇ ‘ಬ್ಯಾಟಲ್‌ಡೋರ್’ ಎಂಬ ಪುಸ್ತಕ ಹೊರಡಿಸಿದ. ಮಕ್ಕಳ ಅಕ್ಷರಹಲಗೆಯ ಚಿತ್ರದೊಳಗೆ ಲ್ಯಾಟಿನ್, ಗ್ರೀಕ್, ಹೀಬ್ರೂ ಮುಂತಾದ ಭಾಷೆಗಳ ಉದಾಹರಣೆ ಕೊಟ್ಟು, ಓದಿದ ಪಂಡಿತರಿಗೇ ಪಾಠ ಹೇಳುವ ಪುಸ್ತಕ ಅದು. ವ್ಯಾಕರಣಕ್ಕಾಗಿ ಪೆಟ್ಟು ತಿಂದವರು ನಮ್ಮ ಮಕ್ಕಳಷ್ಟೇ ಅಲ್ಲ!

ಯೂ ಒಬ್ಬನಿಗೇ ನಿಂತ ಮೇಲೆ ಕ್ರಿಯಾಪದದ ಜಗಳ ಎದ್ದಿತು. ಒಬ್ಬನೇ ಆದರೆ ‘ಯೂ ವಾಸ್’ ಅನ್ನಬೇಡವೇ? 18ನೇ ಶತಮಾನದಲ್ಲಿ ಓದಿದವರೂ ಹಾಗೆ ಬರೆದರು. 1762ರಲ್ಲಿ ತನ್ನ ವ್ಯಾಕರಣ ಅಚ್ಚುಮಾಡಿಸಿದ ರಾಬರ್ಟ್ ಲೌತ್ ಅದನ್ನು ಖಂಡಿಸಿದ. 1795ರ ಲಿಂಡ್ಲಿ ಮರೆಯ ವ್ಯಾಕರಣ ಶಾಲೆಶಾಲೆಗೂ ಹೋಯಿತು. ಕೊನೆಗೆ ‘ಯೂ ವರ್’ ಗೆದ್ದಿತು. ನನ್ನ ಲೆಕ್ಕದಲ್ಲಿ ‘ಯೂ ಆರ್’ ಎಂದರೆ ‘ನೀವು ಇದ್ದೀರಿ’, ಹಳೆಯ ಗೌರವದ ಬಹುವಚನವೇ. ಅದು ಎದುರಿಗಿರುವವರಿಗೆ ಉಳಿಯಿತು, ಆಚೆಗಿರುವ ಹೆಡ್‌ಮಾಸ್ಟರಿಗೆ ಬರಲೇ ಇಲ್ಲ. ಮಕ್ಕಳಿಗೆ ಇಷ್ಟು ಹೇಳಿದರೆ ‘ಒಬ್ಬರಿಗೆ ಆರ್ ಯಾಕೆ ಸರ್?’ ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಕನ್ನಡ ಅಡ್ಡ ಬರುತ್ತದೆ ಎನ್ನುವವರಿಗೆ ಇನ್ನೊಂದು ಮಾತು. ‘ದಿ ಬಾಸ್ಕೆಟ್ ಆಫ್ ಮ್ಯಾಂಗೋಸ್’ ಆದ ಮೇಲೆ ಈಸ್ ಬರೆಯಬೇಕೋ ಆರ್ ಬರೆಯಬೇಕೋ? ಇಂಗ್ಲಿಷರೇ ಇಲ್ಲಿ ಎಡವುತ್ತಾರೆ, ಏಕೆಂದರೆ ಕ್ರಿಯಾಪದದ ಪಕ್ಕದಲ್ಲಿ ಹಣ್ಣುಗಳು ಕೂತಿವೆ. ಕನ್ನಡದಲ್ಲಿ ‘ಮಾವಿನಹಣ್ಣುಗಳ ಬುಟ್ಟಿ ಬಿತ್ತು’. ಬುಟ್ಟಿಯೇ ಕ್ರಿಯಾಪದದ ಪಕ್ಕ! ‘ಬುಟ್ಟಿ ಬಿದ್ದವು’ ಎಂದು ಯಾವ ಮಗುವೂ ಅನ್ನುವುದಿಲ್ಲ. ‘ದಿ ನಂಬರ್ ಆಫ್ ಸ್ಟೂಡೆಂಟ್ಸ್’ ಬಂದರೂ ಹೀಗೆಯೇ: ‘ಮಕ್ಕಳ ಸಂಖ್ಯೆ ಇಳಿದಿದೆ’, ಆದ್ದರಿಂದ ಹ್ಯಾಸ್. ‘ಎ ನಂಬರ್ ಆಫ್ ಸ್ಟೂಡೆಂಟ್ಸ್’ ಆದರೆ ‘ಎಷ್ಟೋ ಮಕ್ಕಳು ಬಂದಿದ್ದಾರೆ’, ಅಲ್ಲಿ ಹ್ಯಾವ್. ಇಂಥ ವಾಕ್ಯಗಳನ್ನು ಮೊದಲು ಕನ್ನಡದಲ್ಲಿ ಹೇಳಿಸಿ, ಆಮೇಲೆ ಬರೆಸಿ ನೋಡಿ. ಹೆಡ್‌ಮಾಸ್ಟರ ವಾಕ್ಯಕ್ಕೆ ಮಾತ್ರ ಈ ಉಪಾಯ ನಡೆಯದು.